ವಾಟ

ದಿಲ್ಲಿಯಿಂದ ಬಂದ ಕಡತ ಎಪ್ಪತ್ತೆರಡು ಪುಟ.
ಸೋಮವಾರದೊಳಗೆ ಕನ್ನಡ ಆಗಬೇಕು ಅಂದರು ಸೂಗೂರ ಸಾಹೇಬರು,
ಅಂದು, ಬಾಗಿಲು ಹಾಕಿಕೊಂಡು ಕೂಲರಿನ ಮುಂದೆ ಕೂತರು.
ನಾನು ಹಿಂದಿನ ವರಾಂಡಕ್ಕೆ ಬಂದೆ.
ಅಲ್ಲಿ ಹಳೆ ನೆಲ ಕಿತ್ತು ಹೊಸ ಫರಸಿ ಹಾಸುತ್ತಿದ್ದರು.
ಕಲಬುರಗಿಯ ಮೇ ತಿಂಗಳು, ಮುಟ್ಟಿದರೆ ಪೆನ್ನೂ ಬಿಸಿ.

ಮೊದಲ ಸಾಲಿಗೇ ಸಿಕ್ಕಿಬಿದ್ದೆ.
ಆರ್ಥಿಕ ಬೆಳವಣಿಗೆಯನ್ನು ತ್ವರಿತಗೊಳಿಸಿ
ಜನರ ಜೀವನಮಟ್ಟವನ್ನು ಸುಧಾರಿಸುವ
ರಾಷ್ಟ್ರೀಯ ಕಾರ್ಯತಂತ್ರ.
ವ್ಯಾಕರಣಕ್ಕೆ ತಪ್ಪಿಲ್ಲ, ಕಿವಿಗೆ ಏನೂ ಕೇಳಿಸುವುದಿಲ್ಲ.
ಹದಿನಾಲ್ಕು ವರ್ಷದಿಂದ ಇಂಥ ಸಾಲು ಹೆರುತ್ತಿದ್ದೇನೆ,
ಹುಟ್ಟಿದ ಮೇಲೆ ಒಂದೂ ಅತ್ತದ್ದಿಲ್ಲ.

ಲಾಡ್ಲೇಸಾಬ ಶಹಾಬಾದದವ.
ಅಪ್ಪ ಕಲ್ಲಿನ ಗಣಿ, ಅಣ್ಣ ಕಲ್ಲಿನ ಲಾರಿ,
ಇವನು ಮಂಡಿಯೂರಿ ಕಲ್ಲು ಹಾಸುವವ.
ಕಲ್ಲಿನ ಮೇಲೊಂದು ಹಳದಿ ಪಟ್ಟಿ ಇಟ್ಟ.
ಅದರ ಹೊಟ್ಟೆಯ ಗಾಜಿನಲ್ಲಿ ಹಸಿರು ನೀರು,
ನೀರೊಳಗೆ ಒಂದು ಗುಳ್ಳೆ
ನಿದ್ದೆಗಣ್ಣಿನ ಹಾಗೆ ಅತ್ತ, ಇತ್ತ.
ಏನಂತಾರೆ ಇದಕ್ಕೆ?
'ರಸಮಟ್ಟ ರೀ ಅಕ್ಕೋರ.'

ರಸಮಟ್ಟ. ಜೀವನಮಟ್ಟ.
ನಾನು ಹುಡುಕುತ್ತಿದ್ದ ಮಟ್ಟ
ಇವನ ಸಿಮೆಂಟು ಮೆತ್ತಿದ ಕೈಯಲ್ಲಿತ್ತು.
ಗುಳ್ಳೆ ನಡುವೆ ನಿಂತರೆ ಎಲ್ಲ ಸರಿಯೇನು?
ಅವನು ನಕ್ಕ.

'ಪೂರಾ ಮಟ್ಟ ಇದ್ದದ್ದು ನೆಲ ಅಲ್ರಿ, ಕನ್ನಡಿ.
ನೆಲಕ್ಕ ವಾಟ ಬೇಕು. ಬೊಟ್ಟಿನಷ್ಟು ಇಳಿಜಾರು.
ಇಲ್ಲಾಂದ್ರ ನೀರು ನಿಂತಲ್ಲೇ ನಿಂತು ನಾರ್ತದ.
ವಾಟ ಎತ್ತಕಡಿ ಕೊಡಬೇಕಂತ
ಮನಿ ಯಜಮಾನಗ ಕೇಳೂದಿಲ್ರಿ ನಾ,
ಮುಸುರಿ ತಿಕ್ಕಾಕಿಗಿ ಕೇಳ್ತೀನಿ.'

ಕಡತದಲ್ಲಿ ಬೆಳವಣಿಗೆ ಎಷ್ಟು ಅಂತ ಇದೆ,
ದಶಮಾಂಶದ ಆಚೆಗೂ ಎರಡು ಅಂಕಿ ಇದೆ.
ಯಾವ ಕಡೆಗೆ ಅಂತ ಇಲ್ಲ.
ಈ ಕಚೇರಿಯ ಚಹಾ ಕಪ್ಪು ತೊಳೆಯುವ ಸಾಬಮ್ಮ
ವರ್ಷಗಟ್ಟಲೆ ನಿಂತ ನೀರಲ್ಲೇ ಕೂತವಳು.
ಕಾಲ್ಬೆರಳ ಸಂದಿ ಬೆಳ್ಳಗೆ ಬೆಂದಿದೆ.
ಅದು ಯಾವ ಸೂಚ್ಯಂಕ,
ಎಷ್ಟನೆಯ ಅನುಬಂಧ?

ಇನ್ನು 'ತ್ವರಿತ'. ಆಸೆಯಿಂದ ಅದನ್ನೂ ಕೇಳಿದೆ.
ಮಾತಾಡದೆ ಅವನು ನಿನ್ನೆ ಹಾಸಿದ ಕಲ್ಲುಗಳ ಮೇಲೆ
ಸುತ್ತಿಗೆಯ ಹಿಡಿಕೆಯಿಂದ ಬಡಿಯುತ್ತ ಹೋದ.
ಟಕ್. ಟಕ್. ಮತ್ತೊಂದು ಟಕ್.
ಡೊಬ್.
'ಮಂತ್ರಿ ಬರ್ತಾರ, ಜಲ್ದಿ ಜಲ್ದಿ ಅಂದ್ರು ನೋಡ್ರಿ.
ತೆಳಗ ಮಾಲು ತುಂಬಿಲ್ಲ, ಪೊಳ್ಳು.
ಮ್ಯಾಗ ನೋಡಿದ್ರ ಗೊತ್ತಾಗಲ್ಲ,
ಕಪಾಟು ಇಟ್ಟ ದಿನ ಬಿರೀತದ.'

ಆಮೇಲೆ ನಾನೂ ಬೆರಳಿನ ಗೆಣ್ಣಿನಿಂದ
ಪುಟ ಪುಟ ಬಡಿದು ನೋಡಿದೆ.
ಸಮಗ್ರ: ಡೊಬ್.
ಸಬಲೀಕರಣ: ಡೊಬ್.
ಪಾಲುದಾರರು, ಮುನ್ನೋಟ, ಮಾರ್ಗಸೂಚಿ:
ಕಪಾಟು ಇಡಬಾರದ ಜಾಗಗಳು.
ನಲವತ್ತೊಂದನೆಯ ಪುಟದಲ್ಲಿ ಮಾತ್ರ, ಯಾರೂ ಓದದ ಅಡಿಟಿಪ್ಪಣಿಯಲ್ಲಿ,
ಪ್ರತಿ ನಲ್ಲಿಯ ಕೆಳಗೂ ಒಂದು ಮೋರಿ ಇರತಕ್ಕದ್ದು.
ಟಕ್.
ಬರೆದವರು ಯಾರೋ ಎಂದೋ ಮುಸುರೆ ತಿಕ್ಕಿದ್ದರು.

ಸಂಜೆ ಸಾಬಮ್ಮನಿಗೆ ಕೇಳಿಯೇ ಅವಳ ಮೂಲೆಯ ಕಡೆ ಮೋರಿ ಬಿಟ್ಟ.
ಅವಳೇ ತಂಬಿಗೆ ನೀರು ಸುರಿದಳು.
ನೀರು ಹೊರಟಿತು,
ಡೊಬ್ ಅಂದ ಕಲ್ಲಿನ ಹತ್ತಿರ ಅರೆಗಳಿಗೆ ಯೋಚಿಸಿತು,
ತಿರುಗಿ ಸಾಹೇಬರ ಬಾಗಿಲ ಕಡೆಗೇ ನಡೆಯಿತು.
ಯಾವಾಗಲೂ ಅತ್ತಲೇ ಹೋಗುವ ರೂಢಿ ಇದ್ದ ಹಾಗೆ.

'ಕೀಳಬೇಕು,' ಅಂದ ಲಾಡ್ಲೇಸಾಬ, ಬೇಸರವಿಲ್ಲದೆ,
ಹಾರೆ ಹುಡುಕಿದ.

ಬಾಗಿಲು ತೆರೆದ ಸೂಗೂರ ಸಾಹೇಬರ ಬೂಟು ನೆನೆಯಿತು.
ನನ್ನ ಕೈಯಿಂದ ಮೊದಲ ಪುಟ ತೊಗೊಂಡರು.
ಬೆಳವಣಿಗೆಯ ಪಕ್ಕ ಪೆನ್ಸಿಲಿನಲ್ಲಿ ಬರೆದಿದ್ದೆ: ವಾಟ ಎತ್ತ?
'ಮೂಲದಾಗ ಎಲ್ಲದರೀ ಇದು?'
ಇಲ್ಲ ಸರ್.
ಅವರು ನನ್ನನ್ನು ನೋಡಿದರು, ಬೂಟು ನೋಡಿದರು,
ಕುಕ್ಕರಗಾಲಲ್ಲಿ ಕೂತ ಸಾಬಮ್ಮನ ಕಾಲನ್ನು,
ಅದೂ ಮೊದಲ ಸಲ ಇರಬೇಕು, ನೋಡಿದರು.

ಹೊಡೆದು ಹಾಕಲಿಲ್ಲ. ಸಹಿಯನ್ನೂ ಹಾಕಲಿಲ್ಲ.
ಪುಟ ಈಗ ಅವರ ಮೇಜಿನ ಗಾಜಿನ ಕೆಳಗಿದೆ,
ಒಂದು ಮೂಲೆ ಇನ್ನೂ ಹಸಿ.